ಡಿಕ್ಕಿಯೊಳಗಿನ ಸ್ಕೂಟರು

ನಮ್ಮ ಭಾವ ಹೋಂಡಾ ಸಿಟಿ ಕೊಂಡಾಗಿನಿಂದ ಅದರ ವಿಚಾರ ಬೇರೆಯವರು ಬಾಯಿಬಿಡುವ ಹಾಗಿಲ್ಲ. ಮೊನ್ನೆ ಊಟಕ್ಕೆ ಕೂತಾಗ ತಡೆಯದೆ, "ಭಾವಾ, ಮೊದಲನೇ ಸಿಟಿಯ ಡಿಕ್ಕಿಯಲ್ಲಿ ಸ್ಕೂಟರ್ ಇರುತ್ತಿತ್ತು" ಅಂದೆ. "ನಿನಗೆ ಇನ್ನೊಂದು ಸೌಟು ಹುಳಿ ಬೇಕಾ, ಅಷ್ಟು ಹೇಳು" ಅಂದರು.

ಆದರೆ ಇದ್ದದ್ದು ನಿಜ. ನಾವು ಸಿಟಿ ಅನ್ನುವ ಉದ್ದನೆ ಕಾರು ಇಲ್ಲಿಗೆ ಬಂದದ್ದು 1998ರಲ್ಲಿ. ಜಪಾನಿನಲ್ಲಿ ಆ ಹೆಸರು 1981ರಲ್ಲೇ ಒಂದು ಮೋಟು ಕಾರಿಗಿತ್ತು. ಉದ್ದ 3.38 ಮೀಟರು, ಎತ್ತರಕ್ಕೆ ಮಾತ್ರ ಜಿಪುಣತನವಿಲ್ಲ, ಪೇಟ ಸುತ್ತಿಕೊಂಡೇ ಕೂರಬಹುದೇನೋ. (ಯುರೋಪಿನಲ್ಲಿ ಸಿಟಿ ಹೆಸರಿನ ಹಕ್ಕು ಒಪೆಲ್ ಬಳಿ ಇತ್ತು, ಹಾಗಾಗಿ ಅಲ್ಲಿ ಇದೇ ಕಾರು ಜಾಝ್ ಆಯಿತು.)

ಜೊತೆಗೆ ಹುಟ್ಟಿದ ಸ್ಕೂಟರು ಮೋಟೊಕಾಂಪೊ, 49 ಸಿಸಿ. ಹ್ಯಾಂಡಲ್ ಮಡಚಿ, ಸೀಟು ಒಳಕ್ಕಿಳಿಸಿದರೆ ನಮ್ಮಜ್ಜಿಯ ಟ್ರಂಕಿನಂಥ ಚೌಕ ಪೆಟ್ಟಿಗೆ. ಕಾರನ್ನು ಎಲ್ಲೋ ನಿಲ್ಲಿಸಿ ಇಕ್ಕಟ್ಟಿನ ಬೀದಿಗೆ ಇದರಲ್ಲಿ ಹೋಗಿ ಎಂಬುದು ಎಣಿಕೆ. ಸೊಗಸಾದ ಎಣಿಕೆಯೇ. ಆದರೆ ತೂಕ ಸುಮಾರು 45 ಕೆಜಿ. ಅಕ್ಕಿ ಮೂಟೆಯನ್ನು ಒಬ್ಬರೇ ಡಿಕ್ಕಿಗೆ ಎತ್ತಿಟ್ಟು ಸೊಂಟ ಹಿಡಿದುಕೊಂಡವರಿಗೆ ಮುಂದಿನದು ಹೇಳಬೇಕಿಲ್ಲ. 1983ಕ್ಕೆ ನಿಂತೇ ಹೋಯಿತು.

ಕಾರು ಮಾತ್ರ ಬೇರೆಯೇ ಪುಂಡಾಟಕ್ಕೆ ಇಳಿಯಿತು. ಕಂಪನಿ ಕಟ್ಟಿದ ಸೊಯಿಚಿರೊ ಹೋಂಡಾರ ಮಗ ಹಿರೊತೊಶಿ, ಮುಗೆನ್ ಎಂಬ ರೇಸ್ ಕಂಪನಿಯವರು, ತಮ್ಮ ಸಿಟಿಗೆ ಟರ್ಬೊ ಕೂರಿಸಿ ನೋಡಿದರು. ರುಚಿ ಹತ್ತಿತು. 1982ರಲ್ಲಿ ಕಂಪನಿಯೇ ಸಿಟಿ ಟರ್ಬೊ ತಂದಿತು: 1,231 ಸಿಸಿ, 100 ಕುದುರೆ ಶಕ್ತಿ, ತೂಕ ಏಳುನೂರು ಕೆಜಿಯೊಳಗೆ. ಮರುವರ್ಷ ನವೆಂಬರಿನಲ್ಲಿ ಟರ್ಬೊ ಎರಡು. ಚಕ್ರದ ಮೇಲಿನ ತಗಡು ಉಬ್ಬಿಸಿ, ಶಕ್ತಿ 110ಕ್ಕೆ ಏರಿಸಿದರು. ಮೂತಿ ನೋಡಿ ಇಟ್ಟ ಹೆಸರು ಬುಲ್‌ಡಾಗ್. ಆಕ್ಸಿಲರೇಟರ್ ಒತ್ತಿ ತುಳಿದರೆ ಹತ್ತು ಸೆಕೆಂಡು ಮಾತ್ರ ಟರ್ಬೊ ಇನ್ನಷ್ಟು ಊದುತ್ತಿತ್ತು. ಹತ್ತೇ ಸೆಕೆಂಡು! ಹಠ ಹಿಡಿದ ಮಗುವಿಗೆ ಒಂದೇ ಪೆಪ್ಪರಮಿಂಟು ಕೊಟ್ಟು ಡಬ್ಬಿ ಮುಚ್ಚಿದ ಹಾಗೆ.

ಅದಾದ ಮುಂದಿನ ತಿಂಗಳು, 1983ರ ಡಿಸೆಂಬರಿನಲ್ಲಿ, ದೆಹಲಿಯಲ್ಲಿ ಮೊದಲ ಮಾರುತಿ 800ರ ಕೀಲಿ ಕೊಟ್ಟರು. ಅದರ ಶಕ್ತಿ ನಲವತ್ತರ ಆಸುಪಾಸು. ನಮಗೆ ಅದೇ ವಿಮಾನ ಅನ್ನಿಸಿತ್ತು.

ಇಷ್ಟೂ ಕೇಳಿದ ಭಾವ ಕೈತೊಳೆದು ಕೆಳಗಿಳಿದು ಹೋದರು. ನಾನೂ ಹಿಂದೆಯೇ ಹೋದೆ. ಸಿಟಿ ಈಗ ನಾಲ್ಕೂವರೆ ಮೀಟರು ದಾಟಿದೆ, ಡಿಕ್ಕಿ 506 ಲೀಟರು. ತೆರೆದು ನೋಡಿದರೆ ಒಂದು ಸ್ಟೆಪ್ನಿ, ಎರಡು ಕೊಡೆ, ಊರಿಂದ ತಂದ ತೆಂಗಿನಕಾಯಿ ಚೀಲ.