ಅವ್ವನ ಕಾಲುಂಗುರ

ಯುಗಾದಿಗೆ ಊರಿಗೆ ಹೋದಾಗ ಅವ್ವನ ಕಾಲಲ್ಲಿ ಕಾಲುಂಗುರ ಇರಲಿಲ್ಲ. ಅಪ್ಪ ಗಟ್ಟಿಯಾಗಿ ಜಗಲಿ ಮೇಲೆ ಕೂತಿದ್ದಾನೆ, ಇದೇನಿದು?

"ಬಿಗಿಯಾಗಿದ್ವು ಕಣಪ್ಪ, ಎಣ್ಣೆ ಹಚ್ಚಿ ತೆಗ್ದೆ" ಅಂದಳು.

ನಾಲ್ಕನೇ ಜ್ವರ ಎದ್ದ ರೇಷ್ಮೆ ಹುಳಕ್ಕೆ ಹಗಲೂ ರಾತ್ರಿ ಸೊಪ್ಪು ಹಾಕಬೇಕು. ನಿಂತೂ ನಿಂತೂ ಕಾಲು ಊದಿದೆ, ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋದ ಮೇಲೆ ಇಳಿಯುತ್ತೆ ಅನ್ನೋದು ಅವಳ ಲೆಕ್ಕ. ನಾನೂ ನಂಬಿದೆ. ಸೋಮವಾರ ರಿಲೀಸ್ ಇತ್ತು ನೋಡಿ, ನಂಬೋದು ಸುಲಭ.

ಗೂಡು ಮಾರಿ ಮೂರು ವಾರವಾದರೂ ಊತ ಇಳಿಯಲಿಲ್ಲ. ಯಾವುದೋ ಕ್ಲಿನಿಕ್ಕಲ್ಲಿ ವಾತ ಅಂತ ನೋವಿನ ಮಾತ್ರೆ ಕೊಟ್ಟಿದ್ದರು. ಅಂಥ ಕೆಲವು ಮಾತ್ರೆಗಳು ಮೈಯಲ್ಲಿ ಉಪ್ಪು, ನೀರನ್ನ ಇನ್ನಷ್ಟು ಹಿಡಿದಿಡುತ್ತವೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಒಂದು ರಾತ್ರಿ ಅಪ್ಪನ ಫೋನು: "ಅವ್ಳು ಮಲಗಾಕಿಲ್ಲ ಕಣ್ಲಾ, ಗ್ವಾಡೆಗೆ ಒರಗ್ಕಂಡು ಕೂತವ್ಳೆ. ಮಲಗಿದ್ರೆ ಉಸ್ರು ಕಟ್ತದಂತೆ."

ಕನಕಪುರ ರಸ್ತೆ ಅಷ್ಟು ಉದ್ದ ಅಂತ ಯಾವತ್ತೂ ಅನ್ನಿಸಿರಲಿಲ್ಲ. ಬೆಳಗಾಗೋ ಹೊತ್ತಿಗೆ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿದ್ದೆವು. ಡಾಕ್ಟರು ಅವ್ವನ ಮೊಣಕಾಲಿನ ಕೆಳಗೆ, ಮೂಳೆ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಬಿಟ್ಟರು. ಸಾರು ಬಿಡೋಕೆ ಮುದ್ದೆಯಲ್ಲಿ ಮಾಡ್ತೀವಲ್ಲ, ಅಂಥ ಗುಳಿ ಹಾಗೇ ಉಳಿಯಿತು. ಎಕೋದಲ್ಲಿ ಹೃದಯದ ಪಂಪು ಸೊರಗಿರೋದು ಕಂಡಿತು. ರಕ್ತ ಸಲೀಸಾಗಿ ಮುಂದೆ ಹೋಗದಿದ್ದರೆ ಹಿಂದೆ ಒತ್ತಡ ಏರಿ ರಕ್ತನಾಳದಿಂದ ನೀರು ಒಸರುತ್ತೆ. ಹಗಲು ಕಾಲಿಗಿಳಿದ ನೀರು ಮಲಗಿದಾಗ ವಾಪಸ್ ಬಂದು ಶ್ವಾಸಕೋಶಕ್ಕೆ ಭಾರವಾಗುತ್ತೆ. ದಿಂಬು ಒಂದಿದ್ದಿದ್ದು ಮೂರಾಗಿದ್ದನ್ನ ನಾನು ವೀಡಿಯೋ ಕಾಲಲ್ಲಿ ನೋಡಿದ್ದೆ. ಸರ್ವರ್ ಮೆಮೊರಿ ಸ್ವಲ್ಪ ಏರಿದರೆ ನಡುರಾತ್ರಿ ಎದ್ದು ಕೂರೋನು ನಾನೇ.

ಊತವೆಲ್ಲ ಹೃದಯದ್ದೇ ಅಲ್ಲ. ಬೆಳಿಗ್ಗೆ ಕಣ್ಣಿನ ಸುತ್ತ ಊದಿ, ಮೂತ್ರ ನೊರೆನೊರೆ ಬಂದರೆ ಕಿಡ್ನಿ ನೋಡಿಸಬೇಕು. ಬಿಪಿಗೆ ಕೊಡೋ ಆಮ್ಲೋಡಿಪಿನ್ ಮಾತ್ರೆಯಿಂದಲೂ ಹರಡು ಊದೋದುಂಟು. ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋವಾದರೆ ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ. ನಮ್ಮೂರಲ್ಲಿ ಮಾತ್ರ ಎಲ್ಲಾದಕ್ಕೂ "ಆನೆಕಾಲಾ?" ಅಂತ ಒಂದೇ ಪ್ರಶ್ನೆ.

ಈಗ ಮನೆಯಲ್ಲಿ ತೂಕದ ಮೆಷಿನ್ ಇದೆ. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ ಅವ್ವ ಅದರ ಮೇಲೆ ನಿಲ್ಲಬೇಕು. ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಅದು ಕೊಬ್ಬಲ್ಲ, ನೀರು, ಡಾಕ್ಟರಿಗೆ ಹೇಳಬೇಕು. ಉಪ್ಪು ಕಡಿಮೆ ಮಾಡೋಕೆ ಒಪ್ಪಿದಳು, ಉಪ್ಪಿನಕಾಯಿ ವಿಷಯಕ್ಕೆ ಮಾತ್ರ ವಾರವಿಡೀ ಜಗಳ.

ಇವತ್ತಿನ ಮೆಸೇಜು: 58.4. ಕೆಳಗೆ ಒಂದು ವಾಯ್ಸ್ ನೋಟು. "ಉಪ್ಪಿನ್ಕಾಯಿ ಮುಟ್ಟಿಲ್ಲ ಕಣಪ್ಪ." ಹಿಂದೆ ಅಪ್ಪ ನಗ್ತಾ ಇದ್ದ.