ಸೊಳ್ಳೆ ಸಾಕಿದ ಊರು

ಯೋಗ್ಯಕರ್ತದ ಓಣಿಯೊಂದರಲ್ಲಿ ಹಾಡುಹಗಲೇ ಮೊಣಕೈ ಮೇಲೊಂದು ಸೊಳ್ಳೆ ಕೂತಿತು. ಕಪ್ಪು ಮೈ, ಕಾಲಿಗೆ ಬಿಳಿ ಪಟ್ಟೆ. ಬೆಂಗಳೂರಾಗಿದ್ದರೆ ಫಟ್ಟನೆ ಹೊಡೆದು, ವಾರವಿಡೀ ಹಣೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಇಲ್ಲಿ ಕಣ್ಣರಳಿಸಿ ನಿಂತೆ. ನಾನು ಇಂಡೊನೇಷ್ಯಾದ ಜಾವಾಕ್ಕೆ ಬಂದದ್ದೇ ಇದನ್ನು ನೋಡಲು. ಬೊರೊಬುದುರ್ ಸ್ತೂಪ, ಮೆರಾಪಿ ಜ್ವಾಲಾಮುಖಿ ಎಲ್ಲ ಆಮೇಲೆ.

ಡೆಂಗಿ ಹರಡುವ ಈಡಿಸ್ ಸೊಳ್ಳೆಯೇ ಅದು. ಆದರೆ ಈ ಊರಿನ ಈಡಿಸ್‌ಗಳ ಜೀವಕೋಶಗಳೊಳಗೆ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಬಿಡಾರ ಹೂಡಿದೆ. ಎಷ್ಟೋ ಕೀಟಗಳಲ್ಲಿ ಅದು ತಾನಾಗಿಯೇ ಇರುತ್ತದೆ, ಈ ಜಾತಿಯ ಈಡಿಸ್‌ನಲ್ಲಿ ಮಾತ್ರ ಇರಲಿಲ್ಲ. ಬಾಳೆಹಣ್ಣಿಗೆ ಮುತ್ತುವ ಹಣ್ಣುನೊಣದಿಂದ ಅದನ್ನು ತೆಗೆದು, ಕೂದಲಿಗಿಂತ ತೆಳ್ಳಗಿನ ಸೂಜಿಯಲ್ಲಿ ಸೊಳ್ಳೆಯ ಮೊಟ್ಟೆಗೆ ಚುಚ್ಚಿದವರು ಆಸ್ಟ್ರೇಲಿಯಾದ ಸ್ಕಾಟ್ ಓನೀಲ್ ತಂಡದವರು. ಅದು ಒಳಗಿದ್ದರೆ ಡೆಂಗಿ ವೈರಸ್ ಸೊಳ್ಳೆಯ ಮೈಯಲ್ಲಿ ಸರಿಯಾಗಿ ಬೆಳೆಯುವುದಿಲ್ಲ. ಇನ್ನೂ ವಿಚಿತ್ರ ಸಂಗತಿಯೆಂದರೆ, ಬ್ಯಾಕ್ಟೀರಿಯಾ ಇರುವ ಗಂಡು, ಇಲ್ಲದ ಹೆಣ್ಣನ್ನು ಕೂಡಿದರೆ ಮೊಟ್ಟೆ ಒಡೆಯುವುದೇ ಇಲ್ಲ. ಹೆಣ್ಣಿನಲ್ಲಿದ್ದರೆ ಮರಿಗಳಿಗೂ ದಾಟುತ್ತದೆ. ಹೀಗೆ ತಲೆಮಾರು ಉರುಳಿದಂತೆ ಊರಿನ ಸೊಳ್ಳೆಸಂತತಿಯೇ ಬದಲಾಗುತ್ತದೆ.

ಓಣಿಯಲ್ಲಿ ಮನೆಗಳು ಒಂದಕ್ಕೊಂದು ಆತುಕೊಂಡಿವೆ. ಕಟ್ಟೆಯ ಮೇಲೆ ಕೂತಿದ್ದ ಹಿರಿಯ ಹೆಂಗಸೊಬ್ಬರು, ಇಲ್ಲಿ ಎಲ್ಲರೂ ‘ಇಬು’ (ಅಮ್ಮ) ಎಂದು ಕರೆಯುವಂಥವರು, ಬಕೆಟ್ ಇಟ್ಟಿದ್ದ ಮೂಲೆ ತೋರಿಸಿದರು. ಜೊತೆಗಿದ್ದ ವಿದ್ಯಾರ್ಥಿ ಅವರ ಮಾತನ್ನು ಅನುವಾದಿಸಿ ಹೇಳುತ್ತಿದ್ದ. 2017ರಲ್ಲಿ ಕಾರ್ಯಕರ್ತರು ಬಂದು, ನೀರು ತುಂಬಿದ ಬಕೆಟ್ಟಿಗೆ ಸೊಳ್ಳೆಮೊಟ್ಟೆ ಅಂಟಿದ ಪಟ್ಟಿ ಇಳಿಬಿಟ್ಟು, ಮೀನಿನ ಆಹಾರ ಉದುರಿಸಿ ಹೋಗುತ್ತಿದ್ದರಂತೆ. ಎರಡು ವಾರಕ್ಕೊಮ್ಮೆ ಹೊಸ ಮೊಟ್ಟೆ. ‘ಸೊಳ್ಳೆ ಓಡಿಸಿ’ ಎಂದು ವರ್ಷಗಟ್ಟಲೆ ಹೇಳಿದವರೇ ಈಗ ‘ಸಾಕಿ’ ಅಂದರೆ ಯಾರು ತಾನೇ ಒಪ್ಪುತ್ತಾರೆ? ಈ ಪ್ರಯೋಗ ನಡೆಸಿದ ಗಜ ಮದ ವಿಶ್ವವಿದ್ಯಾಲಯದ ಅದಿ ಉತಾರಿನಿಯವರ ತಂಡ ಪ್ರಯೋಗಾಲಯದಲ್ಲಿ ಮಾಡಿದ ಕೆಲಸಕ್ಕಿಂತ ಹೊಸ್ತಿಲುಗಳಲ್ಲಿ ನಿಂತು ಆಡಿದ ಮಾತೇ ನನಗೆ ದೊಡ್ಡದಾಗಿ ಕಂಡಿತು.

ನಗರವನ್ನು 24 ಭಾಗ ಮಾಡಿ, 12ರಲ್ಲಿ ಮಾತ್ರ ಸೊಳ್ಳೆ ಬಿಟ್ಟರು. 2021ರಲ್ಲಿ ಫಲಿತಾಂಶ ಹೊರಬಿತ್ತು: ಆ ಭಾಗಗಳಲ್ಲಿ ಡೆಂಗಿ ಶೇ 77ರಷ್ಟು ಕಡಿಮೆ, ಡೆಂಗಿಯಿಂದ ಆಸ್ಪತ್ರೆ ಸೇರುವುದು ಶೇ 86ರಷ್ಟು ಕಡಿಮೆ. ಉಳಿದ ಭಾಗಗಳಿಗೂ ಆಮೇಲೆ ಸೊಳ್ಳೆ ಬಂತು. ಬಕೆಟ್‌ಗಳು ಈಗಿಲ್ಲ. ನೋಡಲು ಏನೂ ಇಲ್ಲದ ಇಂಥ ಪ್ರವಾಸಿ ತಾಣ ನಾನು ಕಂಡಿಲ್ಲ.

ಮಧ್ಯಾಹ್ನ ಗುಡೆಗ್ ತಿಂದೆ: ಎಳೆ ಹಲಸಿನಕಾಯಿ, ತೆಂಗಿನಹಾಲು, ತಾಳೆಬೆಲ್ಲ. ಹಲಸಿನ ಪಲ್ಯಕ್ಕೆ ಇಷ್ಟು ಸಿಹಿ ಹಾಕುವ ಧೈರ್ಯ ಮಲೆನಾಡಿನವರಿಗೂ ಇರಲಾರದು. ಉಣ್ಣುತ್ತಲೇ ಊರಿನ ನೆನಪಾಯಿತು. 2024ರಲ್ಲಿ ಕರ್ನಾಟಕ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಮನೆಯಲ್ಲಿ ಸೊಳ್ಳೆ ಬೆಳೆಯಲು ಬಿಟ್ಟರೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಎಂದಿತು. ದಂಡ ತಪ್ಪೆನ್ನಲಾರೆ. ಆದರೆ ನಳದ ನೀರು ವಾರಕ್ಕೊಮ್ಮೆ ಬರುವ ಬಡಾವಣೆಯಲ್ಲಿ ಡ್ರಮ್ಮು ತುಂಬಿಡದವರು ಯಾರು? ನಮ್ಮಲ್ಲೂ ಪುದುಚೇರಿಯ ಐಸಿಎಂಆರ್ ಸಂಸ್ಥೆ ವೊಲ್ಬಾಕಿಯಾ ಸೊಳ್ಳೆಯ ತಳಿ ಸಿದ್ಧಪಡಿಸಿದ್ದನ್ನು 2022ರಲ್ಲೇ ಹೇಳಿದೆ.

ಹೊರಡುವಾಗ ಆ ಇಬು ಬಚ್ಚಲಮನೆಗೆ ಕರೆದೊಯ್ದರು. ಗೋಡೆಗೆ ಸೇರಿಸಿ ಕಟ್ಟಿದ ನೀರಿನ ತೊಟ್ಟಿ, ಹೆಂಚುಗಳು ಫಳಫಳ. ವಾರವಾರವೂ ಖಾಲಿ ಮಾಡಿ ಉಜ್ಜುತ್ತಾರಂತೆ. ಒಳ್ಳೆಯ ಸೊಳ್ಳೆ ಬಂದ ಮೇಲೂ ಯಾಕೆ ಎಂದು ಕೇಳಿಸಿದೆ. ‘ಅದೂ ಕಚ್ಚುತ್ತದಲ್ಲ!’ ಎಂದು ಜೋರಾಗಿ ನಕ್ಕರು.