ಕತ್ತಿ ಮತ್ತು ಕಂಸಾಳೆ
ಜಪಾನಿನ ಇಯಾಯ್ಡೋ ಕತ್ತಿವಿದ್ಯೆಯಲ್ಲಿ ಎದುರಾಳಿ ಇರುವುದಿಲ್ಲ. ಇದ್ದಾನೆಂದೇ ಬಗೆದು ಒರೆಯಿಂದ ಕತ್ತಿ ಹಿರಿಯಬೇಕು, ಬೀಸಬೇಕು, ನೋಡದೆಯೇ ಮತ್ತೆ ಒರೆಗೆ ಸೇರಿಸಬೇಕು. ಅಲ್ಲಿನ ಕೆಂಡೋ (ಕತ್ತಿಕಾಳಗದ ಕಲೆ) ಒಕ್ಕೂಟ ಇದಕ್ಕೆ ಗೊತ್ತುಮಾಡಿರುವ ವರಸೆಗಳು 12. ಅಷ್ಟನ್ನೇ ಜನ ವರ್ಷಗಟ್ಟಲೆ ತಿದ್ದುತ್ತಾರೆ.

ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಕಡೆ ಬೀಸು ಕಂಸಾಳೆ ಕುಣಿತ ಕಲಿತವರಿಗೆ ಈ ಶಿಸ್ತು ಹೊಸದೆನಿಸಲಾರದು. ಒಂದು ಕೈಯಲ್ಲಿ ಕಂಚಿನ ಬಟ್ಟಲು, ಇನ್ನೊಂದರಲ್ಲಿ ದಾರಕ್ಕೆ ಕಟ್ಟಿದ ತಾಳ. ತಲೆಯ ಮೇಲೆ, ಬೆನ್ನ ಹಿಂದೆ ಬೀಸಿ ತಂದು ಬಟ್ಟಲಿಗೇ ಬಡಿಯಬೇಕು. ಪಕ್ಕದಲ್ಲಿ ಜೊತೆಗಾರ ನಿಜವಾಗಿಯೂ ಇದ್ದಾನೆ, ಲಯ ತಪ್ಪಿದರೆ ಪೆಟ್ಟು ಅವನಿಗೆ. ಮಲೆ ಮಾದಪ್ಪನ ಭಕ್ತರಾದ ದೇವರಗುಡ್ಡರು ಗುರುವಿನಿಂದ ದೀಕ್ಷೆ ಪಡೆದು ಉಳಿಸಿಕೊಂಡು ಬಂದ ವಿದ್ಯೆ ಇದು. ಮಕ್ಕಳನ್ನು ಕರಾಟೆಗೆ ಸೇರಿಸುವಷ್ಟೇ ಆಸ್ಥೆಯಿಂದ ಕಂಸಾಳೆಗೂ ಸೇರಿಸಬೇಕು. ಕಂಸಾಳೆಯವರನ್ನು ಮೆರವಣಿಗೆಗೆ ಮಾತ್ರ ಕರೆದರೆ ಸಾಲದು.